ಹೂಂಗುಟ್ಟಪ್ಪನೂ ಬಾಯಿ ಕಟ್ಟಿದ ಅಜ್ಜಿಯೂ

ಹೂಂಗುಟ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಯಾರು ಏನು ಹೇಳಿದರೂ ಅವನ ಬಾಯಿಂದ ಮೊದಲು ಬರುತ್ತಿದ್ದದ್ದು "ಹೂಂ". ಲಾಂಡ್ರಿಯ ಹೆಂಗಸರು ಅದನ್ನೇ ಹೆಸರು ಮಾಡಿಬಿಟ್ಟರು. ಆ ಗೋಣಿ ಎತ್ತು ಅಂದರೆ ಹೂಂ. ಇವತ್ತು ಎರಡು ಗಂಟೆ ಹೆಚ್ಚಿಗೆ ನಿಲ್ಲು ಅಂದರೆ ಹೂಂ. ಒಂದು ಸಲ ಇಸ್ತ್ರಿಯವಳೊಬ್ಬಳು ಬೇಕೆಂದೇ, "ಅಣ್ಣಾ, ನಿನ್ನ ಹೆಂಡ್ತೀನ ನಮ್ಮನೆಗೆ ಪಾತ್ರೆ ತೊಳೆಯೋಕೆ ಕಳಿಸ್ತೀಯಾ?" ಎಂದು ಕೇಳಿದಾಗಲೂ ಹೂಂ ಎಂದುಬಿಟ್ಟ. ಹೆಂಡತಿ ಅಲ್ಲೇ ನಿಂತಿದ್ದಳು. ಆ ದಿನ ಮನೆಯಲ್ಲಿ ಅವನ ತಟ್ಟೆ ಅವನೇ ತೊಳೆದುಕೊಂಡ.

ಇಪ್ಪತ್ತಾರು ವರ್ಷ ಅವನು ಆ ಲಾಂಡ್ರಿಯ ಬಾಯ್ಲರ್ ನೋಡಿಕೊಂಡವನು. ಮೂರು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಕುದಿಸಿ, ಒಗೆದು, ಗಂಜಿ ಹಾಕಿ, ಹಬೆಯ ಯಂತ್ರದಲ್ಲಿ ಇಸ್ತ್ರಿ ಮಾಡಿ ವಾಪಸ್ಸು ಕಳಿಸಬೇಕು. ಎಲ್ಲಕ್ಕೂ ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರ್‌ಗೆ ಹೂಂಗುಟ್ಟಪ್ಪ ಬೇಕು. ಬಾಯ್ಲರ್‌ಗೆ ಅವನಿಗಿಂತ ಹೆಚ್ಚು ವಯಸ್ಸಾಗಿತ್ತು. ಅದನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಅಜ್ಜಿಯ ನೆತ್ತಿಯ ಮೇಲೊಂದು ಸೇಫ್ಟಿ ವಾಲ್ವ್. ಅದರ ಮೇಲೆ ಮೊಳದುದ್ದದ ಕಬ್ಬಿಣದ ಸನ್ನೆಗೋಲು, ಅದರ ತುದಿಗೆ ಒಂದು ಗುಂಡು. ಒಳಗೆ ಹಬೆ ಮಿತಿ ಮೀರಿದರೆ ಗುಂಡನ್ನು ತಾನೇ ಎತ್ತಿಕೊಂಡು 'ಸುಂಯ್' ಎಂದು ಹೊರಗೆ ಹೋಗುತ್ತದೆ. ಬೆಳಿಗ್ಗೆ ಹತ್ತೂವರೆಗೆ ಹೆಂಗಸರು ಯಂತ್ರ ನಿಲ್ಲಿಸಿ ಚಹಾಕ್ಕೆ ಕೂರುವಾಗ ಹಬೆಗೆ ಕೆಲಸವಿಲ್ಲದೆ ಒತ್ತಡ ಏರುತ್ತಿತ್ತು, ವಾಲ್ವ್ ತೆರೆಯುತ್ತಿತ್ತು. "ಅಜ್ಜಿ ಬೈತಾ ಇದಾಳೆ, ಸಾಕು ಏಳ್ರೇ" ಎಂದು ಹೆಂಗಸರು ಲೋಟ ಕೆಳಗಿಡುತ್ತಿದ್ದರು. ಎರಡು ಬೀದಿ ಆಚೆಯಿದ್ದ ಹೂಂಗುಟ್ಟಪ್ಪನ ಮನೆಗೂ ಆ ಬೈಗುಳ ಕೇಳುತ್ತಿತ್ತು.

ಬಾಯ್ಲರ್ ಕೋಣೆಗೂ ಇಸ್ತ್ರಿ ಕೋಣೆಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು ಹದಿನೈದು ಹೆಂಗಸರು ಕೆಲಸ ಮಾಡುತ್ತಿದ್ದರು. ಗೋಡೆಗೆ ತೀರ ಹತ್ತಿರದ ಯಂತ್ರ ಅವನ ಹೆಂಡತಿಯದು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಹೂಂಗುಟ್ಟಪ್ಪ ಒಂದು ಗಳಿಗೆಯೂ ಅದನ್ನು ಮರೆತವನಲ್ಲ.

ಅವನಿಗೆ ಹೂಂ ಎನ್ನುವ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಟಿದ್ದು. ಆಗ ಅವನ ಅಣ್ಣ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಕೂತಿದ್ದಾನೆ, ಮೊದಲ ತುತ್ತು ಬಾಯಿಗೆ ಹೋಗಿಲ್ಲ, ಎದೆಯೊಳಗೆ ಯಾರೋ ಸ್ಪಷ್ಟವಾಗಿ "ಹೋಗು" ಎಂದರು. ಅಣ್ಣನ ಬಳಿಗೆ ಎಂದು ಅವನಿಗೆ ಅರ್ಥವೂ ಆಯಿತು. "ಊಟ ಮುಗಿಸಿ ಹೋಗ್ತೀನಿ" ಎಂದುಕೊಂಡ. ಊಟ ಮುಗಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೋಗುವಷ್ಟರಲ್ಲಿ ಅಣ್ಣನನ್ನು ತೊಟ್ಟಿಯಿಂದ ಮೇಲೆತ್ತಿ ಅಂಗಳದಲ್ಲಿ ಮಲಗಿಸಿದ್ದರು. ವಿಷಗಾಳಿ. ಕಾಲು ಗಂಟೆ ಮೊದಲೇ ಯಾರಾದರೂ ಮೇಲಿನಿಂದ ಕೂಗಿ ಕರೆದಿದ್ದರೆ ಬದುಕುತ್ತಿದ್ದನಂತೆ.

ಕಾಲು ಗಂಟೆ! ಒಂದು ತಟ್ಟೆ ಊಟಕ್ಕೆ ಅಷ್ಟೇ ತಾನೇ ಬೇಕಾಗುವುದು. ಅಂದಿನಿಂದ ಅವನು ದೇವರಿಗೆ ಎರಡನೆಯ ಮಾತು ಆಡಿದವನಲ್ಲ. ಆದರೆ ಪಾಪ, ದೇವರ ಮಾತು ಯಾವುದು, ಮನುಷ್ಯರ ಮಾತು ಯಾವುದು ಎಂದು ಬೇರ್ಪಡಿಸಲು ಅವನಿಗೆ ಹೆದರಿಕೆ. ಎಲ್ಲಿ ತಪ್ಪುತ್ತೇನೋ ಎಂದು ಎಲ್ಲರಿಗೂ ಹೂಂ ಎನ್ನತೊಡಗಿದ. ಲಾಂಡ್ರಿಯ ಯಜಮಾನರಿಗೆ ಇದಕ್ಕಿಂತ ಏನು ಬೇಕು? ಅವರು ಊರಿನ ಕ್ರೈಸ್ತ ಸಭೆಯ ಹಿರಿಯರೂ ಹೌದು. ಭಾನುವಾರದ ಆರಾಧನೆಯಲ್ಲಿ ಮುಂದಿನ ಬೆಂಚು ಅವರದು. "ಯಜಮಾನನ ಮಾತಿಗೆ ತಗ್ಗಿದವನು ದೇವರ ಮಾತಿಗೆ ತಗ್ಗಿದ ಹಾಗೆ ಕಣಯ್ಯಾ" ಎಂದು ಅವನ ಬೆನ್ನು ತಟ್ಟುತ್ತಿದ್ದರು. ದೇವರ ಹೆಸರನ್ನು ಹೀಗೆ ಮೇಸ್ತ್ರಿ ಕೆಲಸಕ್ಕೆ ಹಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಇರಲಿ.

ಯಜಮಾನರು ನಾಲ್ಕು ಹೊಸ ಇಸ್ತ್ರಿ ಯಂತ್ರ ತಂದರು. ಅವಕ್ಕೆ ಅಜ್ಜಿ ಕೊಡುವ ಹಬೆ ಸಾಲಲಿಲ್ಲ. ಬಟ್ಟೆ ಒದ್ದೆಯಾಗಿಯೇ ಆಚೆ ಬರುತ್ತಿತ್ತು. ಯಜಮಾನರು ಬಾಯ್ಲರ್ ಕೋಣೆಗೆ ಬಂದು ತಲೆ ಎತ್ತಿ ನೋಡಿದರು.

"ಆ ವಾಲ್ವ್ ಯಾಕಯ್ಯ ಅಷ್ಟು ಬೇಗ ತೆರೆಯುತ್ತೆ? ನನ್ನ ಸೌದೆ ಎಲ್ಲ ಗಾಳಿಗೆ ಹೋಗ್ತಾ ಇದೆ."

"ಅದು ಅಷ್ಟಕ್ಕೇ ತೆರೀಬೇಕು ಸಾರ್. ಅಜ್ಜಿಗೆ ವಯಸ್ಸಾಯ್ತು."

"ಇನ್ನೊಂದಿಷ್ಟು ಭಾರ ತೂಗುಹಾಕು. ಏನಾಗಲ್ಲ."

ಇಸ್ತ್ರಿ ಕೋಣೆಯ ಮೂಲೆಯಲ್ಲಿ ಹಳೆಯ ಕೆಂಡದ ಇಸ್ತ್ರಿ ಪೆಟ್ಟಿಗೆಗಳು ಧೂಳು ತಿನ್ನುತ್ತ ಬಿದ್ದಿದ್ದವು. ಅದರಲ್ಲೊಂದನ್ನು ತಂದು, ತಂತಿ ಸುತ್ತಿ, ಗುಂಡಿನ ಪಕ್ಕದಲ್ಲಿ ಸನ್ನೆಗೋಲಿಗೆ ನೇತುಹಾಕಿದವನು ಬೇರೆ ಯಾರೂ ಅಲ್ಲ, ಹೂಂಗುಟ್ಟಪ್ಪನೇ. ಹೂಂ ಎಂದವನು, ಹಾಕಿದ. ಅವತ್ತಿನಿಂದ ಹತ್ತೂವರೆಗೆ ಅಜ್ಜಿ ಬೈಯುವುದು ನಿಂತಿತು. "ಅಜ್ಜಿ ಬಾಯಿ ಕಟ್ಟಿಬಿಟ್ರಪ್ಪ, ಇನ್ನು ನಮ್ಮದೇ ರಾಜ್ಯ" ಎಂದು ಹೆಂಗಸರು ನಕ್ಕರು. ವರ್ಷಕ್ಕೊಮ್ಮೆ ಬರುವ ಸರ್ಕಾರದ ತಪಾಸಣೆಯವರು ಬಂದ ದಿನ ಪೆಟ್ಟಿಗೆ ಕೆಳಗಿಳಿಯಿತು, ಅವರು ಬೀದಿ ತಿರುಗಿದ ಮೇಲೆ ಮತ್ತೆ ಏರಿತು.

ಹದಿನಾಲ್ಕು ತಿಂಗಳು ಹೀಗೇ ಹೋಯಿತು. ಆಮೇಲೆ ಅಜ್ಜಿಯ ಹೊಟ್ಟೆಯ ಮೇಲೆ, ಎರಡು ತಗಡು ಕೂಡುವ ಸಾಲಿನಲ್ಲಿ, ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ನೀರು ಜಿನುಗಿ ಒಣಗಿದ ಉಪ್ಪು. ಹೂಂಗುಟ್ಟಪ್ಪ ಹೆಬ್ಬೆರಳಿನಿಂದ ಒರೆಸಿದ. ಮಾರನೆಯ ದಿನ ಗೆರೆ ಅಲ್ಲೇ ಇತ್ತು, ಒಂದು ಬೆರಳಷ್ಟು ಉದ್ದವಾಗಿ. ಗೋಡೆಯ ಆಚೆಯಿಂದ ಹೆಂಡತಿಯ ನಗು ಕೇಳಿಸಿತು.

ಅವನು ದಿನಾ ಒಲೆ ಹಚ್ಚುವ ಮೊದಲು ಸೌದೆಯ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡುವವನು. ಆ ಬುಧವಾರ ಕಣ್ಣು ಮುಚ್ಚಿದ್ದಾನೆ, ಮೂವತ್ತು ವರ್ಷದ ಹಿಂದಿನ ಅದೇ ದನಿ, ಅದೇ ಜಾಗದಲ್ಲಿ, ಒಂದೇ ಮಾತು: "ತೆಗೆ."

ಆದರೂ ಮನುಷ್ಯನ ಬುದ್ಧಿ ನೋಡಿ, ಅಂದೇ ತೆಗೆಯಲಿಲ್ಲ. ಸಭಾಪಾಲಕರನ್ನು ಕೇಳಿಬಿಡೋಣ ಎಂದು ಸಂಜೆ ಅವರ ಮನೆಗೆ ಹೋದ. ಅವರು ಕನ್ನಡಕ ತೆಗೆದು ಒರೆಸಿದರು. "ದೇವರ ಮಾತು ಕೇಳಲೇಬೇಕಪ್ಪ. ಹಾಗಂತ ಹಿರಿಯರ ಮಾತನ್ನೂ ಮೀರಬಾರದು. ಪ್ರಾರ್ಥನೆ ಮಾಡು, ದಾರಿ ಕಾಣುತ್ತೆ." ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಸಭಾಮಂದಿರದ ಹೊಸ ಚಾವಣಿ ಯಜಮಾನರ ಕೊಡುಗೆ ಎಂಬುದನ್ನೂ ನಾವು ಮರೆಯಬಾರದು.

ಗುರುವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿದ. ಹತ್ತೂವರೆಗೆ ಅಜ್ಜಿ ಹದಿನಾಲ್ಕು ತಿಂಗಳ ಬೈಗುಳ ಒಟ್ಟಿಗೇ ಬೈದಳು. ಇಸ್ತ್ರಿಯವಳೊಬ್ಬಳ ಕೈಯಿಂದ ಚಹಾ ಲೋಟ ಜಾರಿಬಿತ್ತು. ಸಂಜೆಯ ಹೊತ್ತಿಗೆ ಅರ್ಧ ಬಟ್ಟೆ ಒದ್ದೆಯಾಗಿಯೇ ಉಳಿದಿತ್ತು. ಯಜಮಾನರು ಓಡಿ ಬಂದರು.

"ಹಾಕು ಅದನ್ನ."

ಮೂವತ್ತು ವರ್ಷದಲ್ಲಿ ಮೊದಲ ಸಲ ಹೂಂಗುಟ್ಟಪ್ಪನ ಬಾಯಿಂದ ಹೂಂ ಬರಲಿಲ್ಲ.

"ಕಿವಿ ಕೇಳಿಸಲ್ವೇನಯ್ಯಾ? ಹಾಕು ಅಂದೆ."

"ಆಗಲ್ಲ ಸಾರ್. ತೆಗೆ ಅಂತ ಅಪ್ಪಣೆ ಆಗಿದೆ."

"ಯಾರದ್ದು ಅಪ್ಪಣೆ? ಇಲ್ಲಿ ನಾನಲ್ವಾ ಯಜಮಾನ?"

"ನಿಮಗಿಂತ ಮೇಲಿನವರದು."

ಮರುದಿನ ಅವನಿಗೆ ಕೆಲಸವಿರಲಿಲ್ಲ. ಅವನ ಜಾಗಕ್ಕೆ ಬಂದವನು ಅವನ ಹೆಂಡತಿಯ ಸ್ವಂತ ತಮ್ಮ. ಬಾಯ್ಲರ್ ಕೆಲಸವನ್ನು ಭಾವನಿಂದಲೇ ಕಲಿತವನು, ಎರಡು ಮಕ್ಕಳ ತಂದೆ. ಮನೆಗೆ ಬಂದು ಬಾಗಿಲಲ್ಲೇ ನಿಂತ. "ನಾನು ಬೇಡ ಅಂದ್ರೆ ಇನ್ಯಾರೋ ಬರ್ತಾರೆ ಭಾವ. ಬೇಜಾರು ಮಾಡ್ಕೋಬೇಡಿ."

"ಬೇಜಾರಿಲ್ಲ ಕಣೋ. ಆ ಬಿಳಿ ಗೆರೆ ನೋಡ್ತಾ ಇರು. ಪೆಟ್ಟಿಗೆ ಮಾತ್ರ ಹಾಕಬೇಡ."

"ಹಾಕಾಯ್ತು ಭಾವ" ಎಂದು ಅವನು ನೆಲ ನೋಡಿದ.

ಭಾನುವಾರ ಸಭಾಮಂದಿರದಲ್ಲಿ ಬಾಗಿಲು ಕಾಯುವ, ಬೆಂಚು ಒರೆಸುವ ಸೇವೆಯನ್ನೂ ಅವನಿಂದ ತೆಗೆದರು. ತಗ್ಗದವನಿಗೆ ಸೇವೆ ಇಲ್ಲವಂತೆ. ಕಳ್ಳನಿಗೊಂದು ಪಿಳ್ಳೆ ನೆವ. ಮನೆಯಲ್ಲಿ ಹೆಂಡತಿ ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಮೂರು ದಿನದ್ದನ್ನೂ ಸೇರಿಸಿ ಆಡಿದಳು.

"ಊರಿಗೆಲ್ಲ ಹೂಂ ಅಂದ್ರಿ. ನಮ್ಮ ಅನ್ನದ ಪ್ರಶ್ನೆ ಬಂದಾಗ ಮಾತ್ರ ಊಹೂಂ ಅಂದ್ರಿ."

"ನೀನು ಆ ಗೋಡೆ ಪಕ್ಕ ಕೂರ್ತೀಯ ಕಣೇ. ಹೋಗಬೇಡ. ಕೈ ಮುಗೀತೀನಿ."

"ಇಬ್ಬರೂ ಮನೇಲಿ ಕೂತ್ರೆ ಹೊಟ್ಟೆಗೆ ತಣ್ಣೀರು ಬಟ್ಟೇನಾ? ಎಲ್ಲ ಬಿಟ್ಟು ದೇವರು ನಿಮಗೊಬ್ಬರಿಗೇ ಬಂದು ಹೇಳಿದನಾ? ದಿನಾ ಮೊಣಕಾಲೂರೋಳು ನಾನೂ ಅಲ್ವಾ?"

ಅವಳು ಬುತ್ತಿ ಕಟ್ಟಿಕೊಂಡು ಹೋದಳು. ದಿನಾ ಹೋದಳು. ಅವನು ದಿನಾ ಹತ್ತೂವರೆಗೆ ಕಿಟಕಿಯ ಬಳಿ ನಿಂತು ಕಿವಿ ಕೊಟ್ಟ. ಅಜ್ಜಿ ಬೈಯಲಿಲ್ಲ. ಬೀದಿಯಲ್ಲಿ ಸೈಕಲ್ಲು ಗಂಟೆ, ಪಕ್ಕದ ಮನೆಯ ನಲ್ಲಿ ನೀರು, ಎಲ್ಲ ಕೇಳುತ್ತಿತ್ತು. ಅದೊಂದು ಸದ್ದು ಮಾತ್ರ ಇಲ್ಲ. ಇಷ್ಟು ಹೆದರಿಸುವ ನಿಶ್ಶಬ್ದ ಇರಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹತ್ತೊಂಬತ್ತನೆಯ ದಿನ ಅವನು ತಿಂಡಿಗೆ ಕೂತಿದ್ದ. ತುತ್ತು ಕೈಯಲ್ಲೇ ಇತ್ತು. "ತೆಗೆ." ಈ ಸಲ ಕೈ ಕೂಡ ತೊಳೆಯದೆ, ಬರಿಗಾಲಲ್ಲಿ ಓಡಿದ. ಚಹಾದ ಹೊತ್ತು. ಭಾಮೈದ ಅಂಗಳದಲ್ಲಿ ಲೋಟ ಹಿಡಿದು ನಿಂತಿದ್ದ. ಬಾಯ್ಲರ್ ಕೋಣೆಯಲ್ಲಿ ಯಾರೂ ಇಲ್ಲ. ಒತ್ತಡದ ಮುಳ್ಳು ಕೆಂಪು ಗೆರೆ ದಾಟಿ, ಅಂಕಿಗಳೇ ಇಲ್ಲದ ಜಾಗಕ್ಕೆ ಹೋಗಿ ನಿಂತಿತ್ತು. ಬಿಳಿ ಗೆರೆಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೊದಲು ಒಲೆಯ ಬೆಂಕಿ ಹೊರಗೆಳೆಯಬೇಕು, ಆಮೇಲೆ ಮೆಲ್ಲಗೆ ಒತ್ತಡ ಇಳಿಸಬೇಕು, ಇದನ್ನು ಭಾಮೈದನಿಗೆ ಕಲಿಸಿದವನೇ ಅವನು. ಆದರೆ ಅಷ್ಟು ಪುರುಸೊತ್ತು ಎಲ್ಲಿತ್ತು? ಗೋಡೆಯ ಆಚೆ ಹದಿನೈದು ಹೆಂಗಸರ ಹರಟೆ ಕೇಳುತ್ತಿತ್ತು. ಏಣಿ ಹತ್ತಿ, ಸಿಕ್ಕ ಕಡೆ ನಿಂತು, ತಂತಿ ಕಿತ್ತ.

ಪೆಟ್ಟಿಗೆ ಕೆಳಗೆ ಬಿತ್ತು. ಹಬೆ ಅವನ ಮುಖಕ್ಕೇ ಬಂತು.

ಹೆಂಗಸರೆಲ್ಲ ಕಿರುಚುತ್ತ ಬೀದಿಗೆ ಓಡಿದರು. ಭಾಮೈದ ತಲೆಗೆ ಗೋಣಿ ಸುತ್ತಿಕೊಂಡು ನುಗ್ಗಿ ಭಾವನನ್ನು ಎಳೆದು ತಂದ. ಅಜ್ಜಿ ಅರ್ಧ ಗಂಟೆ ಕಿರುಚಿ ಕಿರುಚಿ ಸುಮ್ಮನಾದಳು. ಒಡೆಯಲಿಲ್ಲ. ಹೂಂಗುಟ್ಟಪ್ಪನ ಎರಡು ಕಣ್ಣೂ ಹೋದವು.

ಒಡೆದಿದ್ದರೆ ಅವನನ್ನು ಎಲ್ಲರೂ ನಂಬುತ್ತಿದ್ದರು. ಆದರೆ ನಂಬುವುದಕ್ಕೆ ಆ ಹದಿನೈದು ಜನ ಇರುತ್ತಿರಲಿಲ್ಲ. ಈಗ ಅವರೆಲ್ಲ ಇದ್ದಾರೆ, ಆದ್ದರಿಂದ ನಂಬುವವರಿಲ್ಲ! "ನೋಡಿ, ನನ್ನ ಬಾಯ್ಲರ್ ಕಲ್ಲುಗುಂಡು ಇದ್ದ ಹಾಗಿದೆ. ಕೆಲಸ ಹೋದ ಹೊಟ್ಟೆಕಿಚ್ಚಿಗೆ ಬಂದು ಕೆಡಿಸೋಕೆ ನೋಡಿದ, ದೇವರೇ ಶಿಕ್ಷೆ ಕೊಟ್ಟ" ಎಂದರು ಯಜಮಾನರು. ಕೂಡು ಸಾಲಿಗೆ ಹೊರಗಿನಿಂದ ಒಂದು ತೇಪೆ ಹೊಡೆಸಿ ಬಣ್ಣ ಬಳಿಸಿದರು. ನೆರೆಯವರು ನೋಡಲು ಬಂದು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎಂದು ಹೊಸಿಲು ದಾಟುವ ಮೊದಲೇ ಆಡಿಕೊಂಡರು. ಕಣ್ಣು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ.

ಆದರೆ ಯಜಮಾನರಿಗೂ ಒಳಗೊಳಗೆ ಅಳುಕು ಹುಟ್ಟಿರಬೇಕು. ಪೆಟ್ಟಿಗೆ ಮತ್ತೆ ಏರಲಿಲ್ಲ. ದಿನಾ ಹತ್ತೂವರೆಗೆ ಎರಡು ಬೀದಿ ಆಚೆಯಿಂದ ಅಜ್ಜಿಯ ಬೈಗುಳ ತೇಲಿ ಬರುತ್ತಿತ್ತು. ಹೂಂಗುಟ್ಟಪ್ಪ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ಅದನ್ನು ಕೇಳಿ, "ಸ್ತೋತ್ರ ಕರ್ತನೇ" ಎಂದು ಆಮೇಲೆ ತಿಂಡಿ ತಿನ್ನುತ್ತಿದ್ದ. ಉಳಿದ ಹೊತ್ತೆಲ್ಲ ಒಂದೇ ಯೋಚನೆ ಅವನನ್ನು ತಿನ್ನುತ್ತಿತ್ತು. ಅದು ನಿಜವಾಗಿ ದೇವರ ದನಿಯೋ, ಅಣ್ಣನನ್ನು ಉಳಿಸದ ತನ್ನದೇ ಪಾಪ ಬಾಯಿ ಬಿಟ್ಟದ್ದೋ? ಸುಮ್ಮನೆ ಕಣ್ಣು ಕಳೆದುಕೊಂಡೆನೋ? ಒಂದು ದಿನ ತಡೆಯಲಾರದೆ ಹೆಂಡತಿಯನ್ನೇ ಕೇಳಿದ.

"ನಂಗೇನು ಗೊತ್ತು" ಎಂದಳು ಅವಳು. ಆದರೆ ಆ ದಿನ ಅವನ ಮುಖದ ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚುವಾಗ ಅವಳ ಕೈ ಬಹಳ ಹೊತ್ತು ಅಲ್ಲೇ ನಿಂತಿತ್ತು.

ಎಂಟು ತಿಂಗಳ ಮೇಲೆ ಲಾಂಡ್ರಿಗೆ ನಾಲ್ಕನೆಯ ಆಸ್ಪತ್ರೆಯ ಬಟ್ಟೆ ಬರತೊಡಗಿತು, ಹಬೆ ಮತ್ತೆ ಸಾಲದಾಯಿತು. ವಾರಕ್ಕೆರಡು ಸಲ ಬಂದು ಭಾವನ ಕಾಲ ಬಳಿ ಕೂರುತ್ತಿದ್ದ ಭಾಮೈದ ಬರುವುದನ್ನು ನಿಲ್ಲಿಸಿದ. "ಯಾಕೇ, ನಿನ್ನ ತಮ್ಮ ಈ ಕಡೆ ತಲೆ ಹಾಕ್ತಾ ಇಲ್ಲ?" ಎಂದು ಹೂಂಗುಟ್ಟಪ್ಪ ಕೇಳಿದ. ಹೆಂಡತಿ ಪಾತ್ರೆ ಸದ್ದು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ, ಏನೋ ಉಪ್ಪು ಎಲ್ಲಿದೆ ಎಂದು ಕೇಳುವವಳ ಹಾಗೆ, "ರೀ, ಆ ವಾಲ್ವಿನಿಂದ ಹಬೆ ಯಾವ ಕಡೆಗೆ ಬರುತ್ತೆ?" ಎಂದಳು.

"ಏಣಿಯ ಎಡಗಡೆಗೆ. ನಾನು ಅವಸರದಲ್ಲಿ ಅಲ್ಲೇ ನಿಂತೆ. ಯಾಕೆ?"

"ಸುಮ್ನೆ ಕೇಳಿದೆ."

ಮಾರನೆಯ ಬೆಳಿಗ್ಗೆ ಅವಳು ಎಂದಿಗಿಂತ ಹೆಚ್ಚು ಹೊತ್ತು ಮೊಣಕಾಲೂರಿದ್ದಳು. ಅವನಿಗೆ ಅವಳ ಉಸಿರು ಕೇಳುತ್ತಿತ್ತು. ಎದ್ದು, ತಿಂಡಿ ಅವನ ಕೈಗೆ ಕೊಟ್ಟು ಹೋದಳು.

ಹತ್ತೂವರೆ ಆಯಿತು. ಪಕ್ಕದ ಶಾಲೆಯ ಗಂಟೆ ಹೊಡೆಯಿತು. ಅಜ್ಜಿ ಬೈಯಲಿಲ್ಲ.

ಹೂಂಗುಟ್ಟಪ್ಪ ಕಿಟಕಿಯ ಸರಳಿಗೆ ಕಿವಿ ಒತ್ತಿದ. ಬೀದಿಯಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹೋದರು. ಆಮೇಲೆ ಏನೂ ಇಲ್ಲ. ಅವನು ಅಲ್ಲೇ ಮೊಣಕಾಲೂರಿದ. "ಹೇಳಪ್ಪ. ತೆಗೆ ಅನ್ನು. ಕಣ್ಣಿಲ್ಲದಿದ್ದರೂ ಹೋಗ್ತೀನಿ. ಹೇಳು." ಎದೆಯೊಳಗೆ ಒಂದು ಮಾತೂ ಬರಲಿಲ್ಲ. ಇಷ್ಟು ವರ್ಷ ಆ ದನಿಗೆ ಹೆದರಿದವನು ಈಗ ಅದು ಬಾರದ್ದಕ್ಕೆ ಹೆದರಿದ. ದೇವರು ತನ್ನನ್ನು ಬಿಟ್ಟುಬಿಟ್ಟ ಎಂದೇ ಅವನಿಗನ್ನಿಸಿತು. ಅಪ್ಪಣೆ ಇಲ್ಲದಿದ್ದರೆ ಕತ್ತೆ ಬಾಲ, ಎಂದು ಕೋಲು ತಡಕಿ ಬೀದಿಗೆ ಇಳಿದ.

ಮೊದಲನೆಯ ಬೀದಿಯ ತಿರುವಿನಲ್ಲಿದ್ದ. ಆಗ ಅಜ್ಜಿ ಕಿರುಚಿದಳು. ಬೈಗುಳವಲ್ಲ, ಅಂದಿನ ಅದೇ ಕಿರುಚಾಟ, ಗಂಟಲು ಹರಿಯುವ ಹಾಗೆ. ಯಾರೋ ಭಾರ ತೆಗೆದಿದ್ದರು. ಯಾರೆಂದು ಅವನಿಗೆ ಹೊಳೆಯಿತು. ನಿನ್ನೆಯ ಪ್ರಶ್ನೆ ಯಾಕೆಂದೂ ಹೊಳೆಯಿತು. "ಅಯ್ಯೋ ನನ್ನವಳೇ" ಎಂದು ಕೂಗುತ್ತ ಗೋಡೆ ಸವರಿಕೊಂಡು ಓಡಿದ. ಎದುರಿನಿಂದ ಹೆಂಗಸರು ಓಡಿ ಬರುತ್ತಿದ್ದರು, ಅವನಿಗೆ ಡಿಕ್ಕಿ ಹೊಡೆಯುತ್ತಿದ್ದರು. ಸಿಕ್ಕವರ ಸೆರಗು ಹಿಡಿದು ಕೇಳಿದ, "ಅವಳೆಲ್ಲಿ? ಬಂದಳಾ? ಅವಳನ್ನ ನೋಡಿದ್ರಾ?" ಯಾರೂ ನಿಲ್ಲಲಿಲ್ಲ. ಒಬ್ಬಳು ಮಾತ್ರ, "ಏಣಿ ಮೇಲಿದ್ದಳು ಅಣ್ಣಾ" ಎಂದು ಅಳುತ್ತ ಕೈ ಬಿಡಿಸಿಕೊಂಡಳು.

ಆಮೇಲೆ ನೆಲ ನಡುಗಿತು.

ತೇಪೆ ಹೊಡೆಸಿದ ಸಾಲು ಕೊನೆಗೂ ಬಿಟ್ಟುಕೊಂಡಿತ್ತು. ಸದ್ದು ಆಮೇಲೆ ಬಂದಂತೆ ಅವನಿಗೆ ನೆನಪು. ಬಿಸಿ ಗಾಳಿ, ಇಟ್ಟಿಗೆ ಉದುರುವುದು, ತಗಡು ಬೀದಿಗೆ ಬಿದ್ದು ಉರುಳುವುದು, ಕೊನೆಗೆ ಧೂಳಿನ ವಾಸನೆ. ಅವನು ಬೀದಿಯ ನಡುವೆ ಕೂತುಬಿಟ್ಟ. ಕೋಲು ಎಲ್ಲೋ ಹೋಗಿತ್ತು. ಸುತ್ತ ಅಳು. ಭಾಮೈದನ ದನಿ ಎಲ್ಲಿಂದಲೋ, "ಎಲ್ಲಾರೂ ಆಚೆ ಬಂದ್ರಾ, ಎಣಿಸಿ, ಎಣಿಸಿ" ಎನ್ನುತ್ತಿತ್ತು. ಯಾರೋ ಎಣಿಸಿದರು. ಹದಿನಾಲ್ಕು. ಮತ್ತೆ ಎಣಿಸಿದರು. ಹದಿನಾಲ್ಕೇ.

ಬಹಳ ಹೊತ್ತಿನ ಮೇಲೆ ಗಂಜಿಯ ವಾಸನೆಯ ಒಂದು ಕೈ ಅವನ ತೋಳು ಹಿಡಿಯಿತು. ಅವಳ ಮೈಯೆಲ್ಲ ಒದ್ದೆ. ಹಿಂಬಾಗಿಲಿನಿಂದ ಬಿದ್ದು ಎದ್ದು ಬೀದಿ ಸುತ್ತಿಕೊಂಡು ಬಂದಿದ್ದಳು.

"ಬಲಗಡೆಗೇ ನಿಂತಿದ್ದೆ ರೀ" ಎಂದಳು. ಇನ್ನೊಂದು ಕೈಯನ್ನು ಅವನು ತಡಕಿದ. ಅವಳು ಮುಟ್ಟಗೊಡಲಿಲ್ಲ. "ಆ ಕೈ ಬೇಡ. ಸುಟ್ಟಿದೆ. ಒಂದಲ್ಲ ರೀ, ಈ ಸಲ ಎರಡು ಪೆಟ್ಟಿಗೆ ಹಾಕಿದ್ರು. ಎರಡನೇದಕ್ಕೆ ಎಡಗೈ ಚಾಚಬೇಕಾಯ್ತು."

ದೂರದಿಂದ ಯಜಮಾನರ ಕಾರಿನ ಹಾರ್ನ್ ಕೇಳಿಸಿತು. ಜನ ದಾರಿ ಬಿಡಲಿಲ್ಲ.

"ನಿಂಗೆ ಯಾರು ಹೇಳಿದ್ರೇ ಹೋಗು ಅಂತ?" ಎಂದು ಅವನು ಅತ್ತ. ಕಣ್ಣು ಹೋದ ಮೇಲೂ ನೀರು ಬರುತ್ತದೆ, ಅದು ಅವನಿಗೂ ಅಂದೇ ತಿಳಿದದ್ದು.

"ಬೆಳಿಗ್ಗೆ ಪ್ರಾರ್ಥನೆಯಲ್ಲಿ" ಎಂದಳು. "ಒಂದೇ ಮಾತು. ನಿಮ್ಮ ಥರಾನೇ."

"ನೀನೇನಂದೆ?"

"ಏನನ್ನಲಿ ರೀ" ಎಂದಳು ಅವಳು. "ಹೂಂ ಅಂದೆ."